ಖಾಸಗಿ ಕಂಪನಿಯವರು ಶಾಖೆಯ ಕಾರ್ಯದರ್ಶಿಯಾಗಬಹುದೇ?

ನಮಸ್ಕಾರ. ಇಂಡಿಯನ್ ಸೊಸೈಟಿ ಆಫ್ ರಿಮೋಟ್ ಸೆನ್ಸಿಂಗ್‌ನ (ದೂರಸಂವೇದಿ, ಅಂದರೆ ಉಪಗ್ರಹ, ವಿಮಾನಗಳಿಂದ ತೆಗೆದ ಚಿತ್ರಗಳ ಮೂಲಕ ಭೂಮಿಯನ್ನು ಅರಿಯುವ ಕ್ಷೇತ್ರದವರ ಸಂಘ) ಶಾಖೆಗೆ ಕಾರ್ಯದರ್ಶಿಯಾಗಿ ನಿಲ್ಲಲು ಹಿರಿಯರು ಹೇಳುತ್ತಿದ್ದಾರೆ, ಖಾಸಗಿ ಕಂಪನಿಯವಳಾದ ನಾನು ಅಲ್ಲಿ ಸಲ್ಲುತ್ತೇನೆಯೇ ಎಂದು ಕೇಳಿದ್ದೀರಿ. ಖಂಡಿತ ನಿಲ್ಲಿ.

ಈ ಸಂಘ ಹುಟ್ಟಿದ್ದು 1969ರಲ್ಲಿ. ಆಗ ವೈಮಾನಿಕ ಚಿತ್ರ, ನಕ್ಷೆ ಎಲ್ಲವೂ ಬಹುಪಾಲು ಸರ್ಕಾರದ ಕೈಯಲ್ಲಿದ್ದವು. ಹಾಗಾಗಿ ಇಂಥ ಸಂಘಗಳಲ್ಲಿ ಸರ್ಕಾರಿ ವಿಜ್ಞಾನಿಗಳೇ ಮುಂದಿದ್ದುದು ಸಹಜ. 2021ರ ಫೆಬ್ರವರಿಯಲ್ಲಿ ನಕ್ಷೆ, ಭೂಮಾಹಿತಿ ಕುರಿತ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದ ಮೇಲೆ ಭಾರತೀಯ ಕಂಪನಿಗಳು ನಕ್ಷೆ ತಯಾರಿಸಲು ಮೊದಲಿನಂತೆ ಅನುಮತಿಗೆ ಕಾಯಬೇಕಿಲ್ಲ. ಡ್ರೋನ್ ಹಾರಿಸುವವರು, ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ ಮತ್ತು ಸ್ಥಳದ ಮಾಹಿತಿ ಜೋಡಿಸುವ ಕೆಲಸ) ಮಾಡುವವರು ಹೆಚ್ಚಿದ್ದಾರೆ. ಅವರ ಕಷ್ಟ ಗೊತ್ತಿರುವವರು ಸಮಿತಿಯಲ್ಲಿ ಇರಲೇಬೇಕು.

ನಾನು ಬೇರೊಂದು ವೃತ್ತಿ ಸಂಘದ ಶಾಖೆಯಲ್ಲಿ ಎರಡು ವರ್ಷ ಕಾರ್ಯದರ್ಶಿಯಾಗಿದ್ದೆ. ಭಾಷಣಗಾರರನ್ನು ಕರೆಸುವುದು ಸುಲಭ. ನನ್ನನ್ನು ಹಣ್ಣು ಮಾಡಿದ್ದು ಸದಸ್ಯರ ಪಟ್ಟಿ. ಕಳಿಸಿದ ಮೇಲ್‌ಗಳು ಸಾಲುಸಾಲಾಗಿ ವಾಪಸ್ ಬಂದವು. ಸಂಜೆ ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿ ಸರಿಪಡಿಸಲು ಮೂರು ತಿಂಗಳು ಹಿಡಿಯಿತು. ಆ ಫೋನ್‌ಗಳಿಂದಲೇ ನಿವೃತ್ತ ಸರ್ವೇಯರ್ ಒಬ್ಬರು ಸಿಕ್ಕಿದರು. ಹಳೆಯ ಟೋಪೋಶೀಟ್ (ನೆಲದ ಏರುತಗ್ಗು, ಊರು, ದಾರಿ ತೋರುವ ನಕ್ಷೆ) ಓದುವುದನ್ನು ಅವರು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟ ಆ ಒಂದು ಮಧ್ಯಾಹ್ನ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಒಪ್ಪುವ ಮುನ್ನ ಬೈಲಾ, ಹಿಂದಿನ ಮೂರು ವರ್ಷಗಳ ಆಡಿಟ್ ವರದಿ, ಬ್ಯಾಂಕ್ ಪಾಸ್‌ಬುಕ್ ನೋಡಿ. ಬ್ಯಾಂಕ್ ಖಾತೆಗೆ ಸಹಿ ಯಾರದ್ದೆಂದು ಕೇಳಲು ಸಂಕೋಚ ಬೇಡ. ನಿಮ್ಮ ಕಂಪನಿಗೂ ಮೊದಲೇ ಬರವಣಿಗೆಯಲ್ಲಿ ತಿಳಿಸಿ. ಸಂಘದ ವೇದಿಕೆಯಲ್ಲಿ ಕಂಪನಿಯ ಸಾಫ್ಟ್‌ವೇರ್ ಪ್ರಚಾರ ಮಾತ್ರ ಬೇಡವೇ ಬೇಡ.

ಇನ್ನೊಂದು ಆಸೆ: ಆಗಸ್ಟ್ 12, ವಿಕ್ರಮ್ ಸಾರಾಭಾಯಿ ಅವರ ಜನ್ಮದಿನ, ರಾಷ್ಟ್ರೀಯ ದೂರಸಂವೇದಿ ದಿನ. ಆ ಕಾರ್ಯಕ್ರಮವನ್ನು ಒಮ್ಮೆಯಾದರೂ ರಾಜಧಾನಿಯಾಚೆ, ಕಲಬುರಗಿಯಂಥ ಊರಿನ ಕಾಲೇಜಿನಲ್ಲಿ ಮಾಡಿ.