ರೆಸ್ಯೂಮೆ ಯಾರ ಕೈಯಲ್ಲಿದೆ?

ಓದುಗರ ಪ್ರಶ್ನೆ: ಉದ್ಯೋಗ ಸಲಹೆ

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನವಳು. ಬೆಂಗಳೂರಿನ ಬ್ಯಾಂಕೊಂದರ ರಿಸ್ಕ್ ವಿಭಾಗದಲ್ಲಿ ನಾಲ್ಕು ವರ್ಷಗಳಿಂದ ಕೆಲಸದಲ್ಲಿದ್ದೇನೆ; ಅಡಿಕೆ ಕೊಯ್ಲಿನ ಸಮಯವಾದ್ದರಿಂದ ಸದ್ಯ ಊರಿನಿಂದಲೇ ಕೆಲಸ ಮಾಡುತ್ತಿದ್ದೇನೆ. ಶ್ರೀಮಂತರ, ಸಂಸ್ಥೆಗಳ ಹಣವನ್ನು ಹೂಡಿ ಬೆಳೆಸುವ ಹೆಡ್ಜ್ ಫಂಡ್ ಒಂದರಲ್ಲಿ ಕೆಲಸಕ್ಕೆ ಸೇರಬೇಕೆಂಬುದು ನನ್ನ ಆಸೆ. ಎರಡು ತಿಂಗಳಿಂದ ಮೂವರು ರಿಕ್ರೂಟರ್‌ಗಳು ಕರೆ ಮಾಡುತ್ತಿದ್ದಾರೆ. ಒಬ್ಬರು ಫಂಡ್‌ನ ಹೆಸರನ್ನೇ ಹೇಳದೆ ರೆಸ್ಯೂಮೆ ಕೇಳುತ್ತಾರೆ. ಇನ್ನೊಬ್ಬರು ನಾನು ಒಪ್ಪುವ ಮೊದಲೇ ಒಂದು ಫಂಡ್‌ಗೆ ಕಳಿಸಿಬಿಟ್ಟಿದ್ದೇನೆ ಎಂದರು. ಅದೇ ಫಂಡ್‌ಗೆ ತಾನೂ ಕಳಿಸುತ್ತೇನೆ ಎಂದು ಮೂರನೆಯವರು ಹೇಳುತ್ತಿದ್ದಾರೆ. ಎಲ್ಲರೂ ಈಗಿನ ಸಂಬಳ ಮತ್ತು ಪೇಸ್ಲಿಪ್ ಕೇಳುತ್ತಾರೆ. ಇಷ್ಟು ಜನ ಹಿಂದೆ ಬಿದ್ದಿದ್ದಾರೆಂದರೆ ಒಳ್ಳೆಯದೇ ಅಲ್ಲವೇ ಎನ್ನುವುದು ಅಪ್ಪಯ್ಯನ ಮಾತು. ನಾನು ಯಾರನ್ನು ನಂಬಲಿ?

ಉತ್ತರ: ಯಾರನ್ನು ನಂಬಬೇಕು ಎನ್ನುವುದಕ್ಕಿಂತ ಮೊದಲು, ಅವರಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಳ್ಳಿ. ರಿಕ್ರೂಟರ್‌ಗೆ ಶುಲ್ಕ ಕೊಡುವುದು ಫಂಡ್, ನೀವಲ್ಲ. ನಮ್ಮ ದೇಶದ ಸಾಮಾನ್ಯ ಹುದ್ದೆಗಳಿಗೆ ಅದು ಅನೇಕ ಕಡೆ ವಾರ್ಷಿಕ ಸಂಬಳದ 8.33%, ಅಂದರೆ ಒಂದು ತಿಂಗಳ ಸಂಬಳದಷ್ಟಿರುತ್ತದೆ. ನ್ಯೂಯಾರ್ಕ್, ಲಂಡನ್‌ಗಳ ಹಣಕಾಸು ಹುದ್ದೆಗಳಿಗೆ ಮೊದಲ ವರ್ಷದ ಸಂಬಳದ 20ರಿಂದ 30%ರವರೆಗೂ ಹೋಗುತ್ತದೆ. ಹೆಚ್ಚಿನವರಿಗೆ ಅಭ್ಯರ್ಥಿ ಕೆಲಸಕ್ಕೆ ಸೇರಿದರೆ ಮಾತ್ರ ಹಣ. ಸೇರಿದವರು ಸುಮಾರು ಮೂರು ತಿಂಗಳೊಳಗೆ ಬಿಟ್ಟುಹೋದರೆ ಶುಲ್ಕವನ್ನು ಹಿಂದಿರುಗಿಸಬೇಕು ಅಥವಾ ಬೇರೊಬ್ಬರನ್ನು ಹುಡುಕಿಕೊಡಬೇಕು ಎಂಬ ಷರತ್ತೂ ಸಾಮಾನ್ಯವಾಗಿ ಇರುತ್ತದೆ. ಹಾಗಾಗಿ ನೀವು ಕೆಲಸಕ್ಕೆ ಸೇರಬೇಕು, ಬೇಗ ಸೇರಬೇಕು, ಮೂರು ತಿಂಗಳಾದರೂ ನಿಲ್ಲಬೇಕು ಎಂಬಲ್ಲಿಗೆ ಅವರ ಆಸಕ್ತಿ ಮುಗಿಯುತ್ತದೆ. ಮೂರು ವರ್ಷದ ನಂತರ ನೀವು ಎಲ್ಲಿರುತ್ತೀರಿ ಎಂಬುದನ್ನು ನೀವೇ ಯೋಚಿಸಬೇಕು. ಇದರಲ್ಲಿ ಅವರ ತಪ್ಪೇನೂ ಇಲ್ಲ, ಆದರೆ ಪ್ರತಿ ಕರೆಯಲ್ಲೂ ಇದು ನಿಮ್ಮ ನೆನಪಿನಲ್ಲಿರಲಿ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಕಳವಳಗೊಳಿಸಿದ್ದು ಒಂದೇ ಫಂಡ್‌ಗೆ ಇಬ್ಬರ ಮೂಲಕ ರೆಸ್ಯೂಮೆ ಹೋಗುವ ವಿಷಯ. ಮೊದಲು ಯಾರು ಕಳಿಸಿದರೋ ಆ ಅಭ್ಯರ್ಥಿ ಅವರ ಲೆಕ್ಕಕ್ಕೆ ಸೇರುತ್ತಾರೆ, ಮತ್ತು ಆ ಹಕ್ಕು ಒಪ್ಪಂದಕ್ಕೆ ತಕ್ಕಂತೆ ಆರು ತಿಂಗಳೋ ಒಂದು ವರ್ಷವೋ ಉಳಿಯುತ್ತದೆ. ಇಬ್ಬರು ಕಳಿಸಿದರೆ ಶುಲ್ಕ ಯಾರಿಗೆ ಎಂಬ ಜಗಳ ಹುಟ್ಟುತ್ತದೆ, ಆ ಜಗಳಕ್ಕೆ ಸಿಕ್ಕಿಕೊಳ್ಳುವುದು ಯಾವ ಫಂಡ್‌ಗೂ ಬೇಕಿಲ್ಲ. ಒಂದೇ ಚೀಲ ಅಡಿಕೆಯನ್ನು ಎರಡು ಅಂಗಡಿಗಳ ಟೆಂಡರಿಗೆ ಇಟ್ಟಿದ್ದಾರೆಂದು ಗೊತ್ತಾದರೆ, ಮಾಲು ಎಷ್ಟೇ ಚೆನ್ನಾಗಿದ್ದರೂ ಖರೀದಿದಾರ ಅದರ ಮೇಲೆ ಕೈಯಿಡುವುದಿಲ್ಲ. ನಾನು ಮುಂಬೈಯ ಫಂಡ್ ಒಂದರಲ್ಲಿ ನೇಮಕಾತಿಯನ್ನು ನೋಡಿಕೊಳ್ಳುತ್ತಿದ್ದಾಗ, ಸಂದರ್ಶನಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಉತ್ತರಿಸಿದ್ದ ಹುಡುಗನೊಬ್ಬನನ್ನು ಇದೇ ಕಾರಣಕ್ಕೆ ಕೈಬಿಡಬೇಕಾಯಿತು. ಅವನ ರೆಸ್ಯೂಮೆ ಮೂರು ಕಡೆಯಿಂದ ಬಂದಿತ್ತು, ಅದರಲ್ಲಿ ಎರಡು ಅವನಿಗೆ ಗೊತ್ತಿಲ್ಲದೆಯೇ ಬಂದಿದ್ದವು. ಕಾರಣವನ್ನು ಅವನಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆ ಮೌನ ಇಂದಿಗೂ ನನ್ನನ್ನು ಬಾಧಿಸುತ್ತದೆ, ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನೀವು ಇವತ್ತೇ ಮಾಡಬೇಕಾದ ಕೆಲಸವಿದೆ. ಎರಡನೆಯವರಿಗೆ ಇಮೇಲ್ ಬರೆದು, ಯಾವ ದಿನ, ಯಾವ ಹುದ್ದೆಗೆ, ಯಾರಿಗೆ ಕಳಿಸಿದ್ದಾರೆಂದು ಕೇಳಿ. ಖಚಿತ ಉತ್ತರ ಬಂದರೆ ಆ ಫಂಡ್‌ನ ಮಟ್ಟಿಗೆ ಅವರೊಂದಿಗೇ ಮುಂದುವರಿಯಿರಿ, ಮೂರನೆಯವರಿಗೆ ಆ ಹೆಸರನ್ನು ಬಿಟ್ಟುಬಿಡಲು ವಿನಯದಿಂದ ತಿಳಿಸಿ. ಉತ್ತರ ಬಾರದಿದ್ದರೆ, ಅಥವಾ ಮಾತು ಹಾರಿಕೆಯದಾಗಿದ್ದರೆ, ಫಂಡ್‌ನ ನೇಮಕಾತಿ ವಿಭಾಗಕ್ಕೆ ನೀವೇ ನೇರವಾಗಿ ಬರೆದು ನಿಮ್ಮ ಒಪ್ಪಿಗೆ ಯಾರಿಗಿದೆ, ಯಾರಿಗಿಲ್ಲ ಎಂಬುದನ್ನು ಸ್ಪಷ್ಟಪಡಿಸಬಹುದು. ಇನ್ನು ಮುಂದೆ ಪ್ರತಿ ರಿಕ್ರೂಟರ್‌ಗೂ ಮೊದಲ ಇಮೇಲ್‌ನಲ್ಲಿಯೇ, ಫಂಡ್‌ನ ಹೆಸರು ಹೇಳಿ ನನ್ನ ಲಿಖಿತ ಒಪ್ಪಿಗೆ ಪಡೆಯದೆ ರೆಸ್ಯೂಮೆಯನ್ನು ಯಾರಿಗೂ ಕಳಿಸಬಾರದು ಎಂದು ಬರೆಯಿರಿ. ಯಾರು, ಎಲ್ಲಿಗೆ, ಯಾವತ್ತು ಕಳಿಸಿದರು ಎಂಬುದನ್ನು ಒಂದು ನೋಟ್‌ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ.

ಹೆಸರು ಹೇಳದವರೆಲ್ಲ ಮೋಸಗಾರರಲ್ಲ. ಈಗಿರುವ ವ್ಯಕ್ತಿಗೆ ತಿಳಿಯದಂತೆ ಅವರ ಜಾಗಕ್ಕೆ ಬೇರೊಬ್ಬರನ್ನು ಹುಡುಕುತ್ತಿರುವಾಗ ಹೆಸರನ್ನು ಗುಟ್ಟಾಗಿಡುವುದು ಸಹಜ. ಆದರೆ ಅದು ಯಾವ ಬಗೆಯ ಫಂಡ್, ಷೇರುಗಳಲ್ಲಿ ವ್ಯವಹರಿಸುತ್ತದೆಯೋ ಸಾಲಪತ್ರಗಳಲ್ಲೋ, ಹುದ್ದೆ ಹೊಸದೋ ಖಾಲಿಯಾದದ್ದೋ ಎಂಬಷ್ಟನ್ನಾದರೂ ಅವರು ಹೇಳಲೇಬೇಕು. ರೆಸ್ಯೂಮೆ ಹೊರಡುವ ಮೊದಲು ಹೆಸರನ್ನೂ ಹೇಳಬೇಕು. ದೊಡ್ಡ ಫಂಡ್‌ಗಳಲ್ಲಿ ಒಂದೇ ಸೂರಿನಡಿ ಹತ್ತಾರು ತಂಡಗಳಿದ್ದು, ಪ್ರತಿ ತಂಡಕ್ಕೂ ಹಣವನ್ನು ಎಲ್ಲಿ ಹೂಡಬೇಕೆಂದು ನಿರ್ಧರಿಸುವ ಒಬ್ಬ ಪೋರ್ಟ್‌ಫೋಲಿಯೊ ಮ್ಯಾನೇಜರ್ ಇರುತ್ತಾರೆ. ಕೆಲವೆಡೆ ನಷ್ಟ 5% ತಲುಪಿದರೆ ಆ ತಂಡದ ಬಂಡವಾಳ ಅರ್ಧಕ್ಕೆ ಇಳಿಯುತ್ತದೆ, ಇನ್ನಷ್ಟು ನಷ್ಟವಾದರೆ ತಂಡವೇ ಮುಚ್ಚುತ್ತದೆ. ಆದ್ದರಿಂದ ಯಾರ ತಂಡ, ಎಷ್ಟು ವರ್ಷದಿಂದ ನಡೆಯುತ್ತಿದೆ, ಬೋನಸ್ ಇಡೀ ಫಂಡ್‌ನ ಲಾಭದ ಮೇಲೋ ಆ ತಂಡದ ಲಾಭದ ಮೇಲೋ ಎಂದು ಕೇಳಿ. ಇವಕ್ಕೆ ಉತ್ತರ ತಿಳಿದಿರುವ, ತಿಳಿಯದಿದ್ದರೆ ವಿಚಾರಿಸಿ ಹೇಳುವ ರಿಕ್ರೂಟರ್ ನಿಮಗೆ ನಿಜಕ್ಕೂ ಉಪಯುಕ್ತ. ಅಂಥವರನ್ನು ಗೌರವದಿಂದ ಉಳಿಸಿಕೊಳ್ಳಿ.

ಸಂಬಳದ ಮಾತು. ನ್ಯೂಯಾರ್ಕ್ ನಗರದಲ್ಲಿ 2017ರ ಅಕ್ಟೋಬರ್ 31ರಿಂದ ಅಭ್ಯರ್ಥಿಯ ಹಿಂದಿನ ಸಂಬಳವನ್ನು ಕೇಳುವುದೇ ಕಾನೂನಿಗೆ ವಿರುದ್ಧ. ನಮ್ಮಲ್ಲಿ ಅಂಥ ಕಾನೂನಿಲ್ಲ, ಎಲ್ಲರೂ ಕೇಳುತ್ತಾರೆ. ಮೊದಲ ಕರೆಯಲ್ಲಿ ನೀವು ನಿರೀಕ್ಷಿಸುವ ಮೊತ್ತವನ್ನಷ್ಟೇ ಹೇಳಿ, ಪೇಸ್ಲಿಪ್ಪನ್ನು ಆಫರ್ ಹಂತದಲ್ಲಿ ನೇರವಾಗಿ ಫಂಡ್‌ಗೆ ಕೊಡುತ್ತೇನೆ ಎನ್ನಬಹುದು. ಆದರೆ ಅಂಕಿಯನ್ನು ಹೇಳಿದಿರಾದರೆ ಸುಳ್ಳು ಹೇಳಬೇಡಿ, ಏಕೆಂದರೆ ಮುಂದೆ ಫಾರಂ 16 ನೋಡುತ್ತಾರೆ, ಭವಿಷ್ಯನಿಧಿಯ ಯುಎಎನ್ ದಾಖಲೆಯನ್ನೂ ನೋಡುತ್ತಾರೆ. ನಿಶ್ಚಿತ ಸಂಬಳ ಮತ್ತು ಬೋನಸ್ ಎರಡನ್ನೂ ಬೇರೆ ಬೇರೆಯಾಗಿ ಹೇಳುವುದು ಮುಖ್ಯ. ಈ ವರ್ಷದ ಬೋನಸ್ ಕೈಗೆ ಬರುವ ತಿಂಗಳು ಯಾವುದು, ನೋಟಿಸ್ ಅವಧಿ ಎಷ್ಟು ಎಂಬುದನ್ನೂ ಮೊದಲೇ ತಿಳಿಸಿ. ಬೋನಸ್ಸಿಗೆ ಹದಿನೈದು ದಿನ ಮೊದಲು ರಾಜೀನಾಮೆ ಕೊಟ್ಟು ಅದನ್ನು ಕಳೆದುಕೊಂಡವರನ್ನು ನೋಡಿದ್ದೇನೆ.

ಕೆಲಸ ಬಿಟ್ಟ ಮೇಲೆ ಇಂತಿಷ್ಟು ತಿಂಗಳು ಪ್ರತಿಸ್ಪರ್ಧಿ ಸಂಸ್ಥೆಗೆ ಸೇರಬಾರದೆಂಬ ಷರತ್ತು ಈ ಉದ್ಯಮದ ಕರಾರುಗಳಲ್ಲಿ ಸಾಮಾನ್ಯ. 1872ರ ಭಾರತೀಯ ಕರಾರು ಅಧಿನಿಯಮದ 27ನೇ ಕಲಮಿನ ಪ್ರಕಾರ ಅಂಥ ನಿರ್ಬಂಧ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಅಸಿಂಧು; ಆದರೆ ನೋಟಿಸ್ ಅವಧಿ ಮತ್ತು ಗೋಪ್ಯತೆಯ ಷರತ್ತುಗಳು ಬೇರೆ, ಅವು ನಿಮ್ಮನ್ನು ಕಟ್ಟಿಹಾಕುತ್ತವೆ. ಸಿಂಗಾಪುರ, ಲಂಡನ್‌ಗಳ ಕರಾರಾದರೆ ಅಲ್ಲಿನ ಕಾನೂನು ಅನ್ವಯಿಸುವುದರಿಂದ ಸಹಿ ಮಾಡುವ ಮೊದಲು ವಕೀಲರಿಗೆ ತೋರಿಸಿ.

ಇನ್ನೊಂದು ಎಚ್ಚರಿಕೆ. ಕೆಲವು ಕರೆಗಳು ಹುದ್ದೆಗಾಗಿ ಬರುವುದೇ ಇಲ್ಲ. ನಿಮ್ಮ ತಂಡದಲ್ಲಿ ಯಾರ್ಯಾರಿದ್ದಾರೆ, ಲೆಕ್ಕಾಚಾರಕ್ಕೆ ಯಾವ ಮಾಡೆಲ್ ಬಳಸುತ್ತೀರಿ, ಬ್ಯಾಂಕ್ ಯಾವ ಷೇರಿನಲ್ಲಿ ದೊಡ್ಡ ಮೊತ್ತ ಹೂಡಿದೆ ಎಂಬ ಕಡೆಗೆ ಮಾತು ಹೊರಳಿದರೆ ಅಲ್ಲಿಗೇ ನಿಲ್ಲಿಸಿ. ಬೆಲೆಯ ಮೇಲೆ ಪರಿಣಾಮ ಬೀರುವ ಅಪ್ರಕಟಿತ ಮಾಹಿತಿಯನ್ನು ಹಂಚಿಕೊಳ್ಳುವುದು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ 2015ರ ನಿಯಮಾವಳಿಯ ಪ್ರಕಾರ ಅಪರಾಧ. ನೀವು ಬರೆದ ಕೋಡ್ ಕೂಡ ನಿಮ್ಮದಲ್ಲ, ಅದು ಬ್ಯಾಂಕಿನ ಸ್ವತ್ತು. 2009ರ ಜುಲೈನಲ್ಲಿ ನ್ಯೂಯಾರ್ಕಿನ ದೊಡ್ಡ ಬ್ಯಾಂಕೊಂದರಿಂದ ಬೇರೆಡೆಗೆ ಹೊರಟಿದ್ದ ಪ್ರೋಗ್ರಾಮರ್ ಒಬ್ಬ ಕೋಡ್ ನಕಲು ಮಾಡಿಕೊಂಡ ಆರೋಪದ ಮೇಲೆ ವಿಮಾನ ನಿಲ್ದಾಣದಲ್ಲಿಯೇ ಬಂಧಿತನಾದ. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನ ಶಿಕ್ಷೆಯನ್ನು ರದ್ದುಪಡಿಸಿತು, ಆದರೆ ಅಷ್ಟರಲ್ಲಿ ಅವನು ಸುಮಾರು ಒಂದು ವರ್ಷ ಜೈಲಿನಲ್ಲಿ ಕಳೆದಿದ್ದ.

ಅಪ್ಪಯ್ಯನಿಗೆ ಹೇಳಿ: ಮೂವರು ಕರೆ ಮಾಡಿದ್ದಾರೆಂದರೆ ಮೂರು ಕೆಲಸಗಳಿವೆ ಎಂದಲ್ಲ, ಒಂದೇ ಕೆಲಸಕ್ಕೆ ಮೂವರು ಓಡುತ್ತಿರಬಹುದು.

ಪ್ರಶ್ನೆ: ನಾನು ಕಾರವಾರದ ನಿವೃತ್ತ ನೌಕರ. ಎಂಬಿಎ ಮುಗಿಸಿದ ಮಗನಿಗೆ ಸಿಂಗಾಪುರದ ಹೆಡ್ಜ್ ಫಂಡ್‌ನಲ್ಲಿ ಕೆಲಸ ಖಚಿತವೆಂದು ವಾಟ್ಸ್ಆ್ಯಪ್‌ನಲ್ಲಿ ಆಫರ್ ಪತ್ರ ಬಂದಿದೆ. ಸಂದರ್ಶನವೂ ವಾಟ್ಸ್ಆ್ಯಪ್‌ನಲ್ಲೇ ನಡೆಯಿತು. ವೀಸಾ ಮತ್ತು ದಾಖಲೆ ಪರಿಶೀಲನೆಗೆಂದು 85,000 ರೂಪಾಯಿಯನ್ನು ಎರಡು ದಿನದೊಳಗೆ ಕಟ್ಟಬೇಕಂತೆ. ಏನು ಮಾಡಲಿ?

ಉತ್ತರ: ದಯವಿಟ್ಟು ಕಟ್ಟಬೇಡಿ. ಕೋಟಿಗಟ್ಟಲೆ ಹಣವನ್ನು ನಿರ್ವಹಿಸುವ ಫಂಡ್, ತಾನು ಆರಿಸಿಕೊಂಡ ಅಭ್ಯರ್ಥಿಯಿಂದ ಪರಿಶೀಲನೆಯ ಖರ್ಚನ್ನು ವಸೂಲಿ ಮಾಡುವುದಿಲ್ಲ. ಭಾರತದಿಂದ ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಅಂಥವರು ಕೂಡ ಸೇವಾಶುಲ್ಕವೆಂದು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡದ್ದಕ್ಕೆ ರಸೀದಿ ಕೊಡಬೇಕು. ಅವರ ನೋಂದಣಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಪರೀಕ್ಷಿಸಬಹುದು. ಸಿಂಗಾಪುರದ ಹಣಕಾಸು ಪ್ರಾಧಿಕಾರ ತನ್ನ ಪರವಾನಗಿ ಪಡೆದ ಸಂಸ್ಥೆಗಳ ಪಟ್ಟಿಯನ್ನೂ, ಅಲ್ಲಿನ ಮಾನವಶಕ್ತಿ ಸಚಿವಾಲಯ ಉದ್ಯೋಗ ಏಜೆನ್ಸಿಗಳ ಪಟ್ಟಿಯನ್ನೂ ಪ್ರಕಟಿಸುತ್ತವೆ. ಆಫರ್ ಪತ್ರದಲ್ಲಿರುವ ದೂರವಾಣಿಗೆ ಕರೆ ಮಾಡದೆ, ಆ ಪಟ್ಟಿಯಲ್ಲಿ ಸಿಗುವ ವಿಳಾಸಕ್ಕೆ ಬರೆದು ವಿಚಾರಿಸಿ.

ಆಧಾರ್ ಪ್ರತಿಯನ್ನು ಈಗಾಗಲೇ ಕಳಿಸಿದ್ದರೆ ಅದರ ಬಯೋಮೆಟ್ರಿಕ್ ಲಾಕ್ ಮಾಡಿಸಿ, ಮುಂದೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನೇ ಕೊಡಿ. ಹಣದ ಯಾವುದೇ ಭಾಗ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಏಕೆಂದರೆ ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣವನ್ನು ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು. ಮಗನ ಮೇಲೆ ಸಿಟ್ಟಾಗಬೇಡಿ. ಓದಿದವರೂ ಮೋಸಹೋಗುವಷ್ಟು ಅಚ್ಚುಕಟ್ಟಾಗಿ ಈ ಪತ್ರಗಳನ್ನು ತಯಾರಿಸುತ್ತಾರೆ.

ಪ್ರಶ್ನೆ: ಎರಡು ಸುತ್ತಿನ ಸಂದರ್ಶನದ ನಂತರ ರಿಕ್ರೂಟರ್ ಫೋನ್ ಎತ್ತುತ್ತಿಲ್ಲ. ಫಂಡ್‌ಗೆ ನಾನೇ ಬರೆಯಬಹುದೇ? (ಹೊನ್ನಾವರದ ಓದುಗರು)

ಉತ್ತರ: ಮೊದಲು ರಿಕ್ರೂಟರ್‌ಗೆ ಒಂದು ಇಮೇಲ್ ಬರೆದು ಒಂದು ವಾರ ಕಾಯಿರಿ. ಆಮೇಲೂ ಉತ್ತರವಿಲ್ಲದಿದ್ದರೆ ನಿಮ್ಮನ್ನು ಸಂದರ್ಶಿಸಿದವರಿಗೆ ಎರಡು ಸಾಲು ಬರೆದು ಸ್ಥಿತಿಯನ್ನು ವಿಚಾರಿಸಬಹುದು, ಅದರಲ್ಲಿ ತಪ್ಪಿಲ್ಲ. ರಿಕ್ರೂಟರ್‌ನ ಹೆಸರನ್ನು ಆ ಪತ್ರದಲ್ಲಿ ಉಲ್ಲೇಖಿಸಿ, ಅವರನ್ನು ಬದಿಗೆ ಸರಿಸುತ್ತಿದ್ದೀರೆಂಬ ಭಾವನೆ ಬಾರದಿರಲಿ. ಸಂಬಳದ ಮಾತನ್ನು ಮಾತ್ರ ಅಲ್ಲಿ ಎತ್ತಬೇಡಿ.