ಬೆಳ್ಳಿಯ ಮೇಲಿನ ಗಾಜು: ಹರಾಜಿಗೆ ಹೋಗುವ ಮುನ್ನ

ಹಳೆಯ ಬೆಳ್ಳಿ ಸಾಮಾನು, ಎನಾಮಲ್ ಕೆಲಸದ ಡಬ್ಬಿ, ಕನ್ನಡಿ, ಚಮಚಗಳನ್ನು ಹರಾಜಿನಲ್ಲಿ ಕೊಳ್ಳುವವರಿಂದ ಬಂದ ಪ್ರಶ್ನೆಗಳಲ್ಲಿ ಆರಕ್ಕೆ ಈ ಸಲ ಉತ್ತರ.

ಪ್ರಶ್ನೆ: ಇಲ್ಲಿನ ಹರಾಜೊಂದರಲ್ಲಿ ನೀಲಿ ಎನಾಮಲ್ ಇರುವ ಬೆಳ್ಳಿಯ ಡ್ರೆಸಿಂಗ್ ಟೇಬಲ್ ಸೆಟ್ ಬಂದಿದೆ. ಕೈಗನ್ನಡಿ, ಎರಡು ತಲೆ ಬ್ರಷ್, ಎರಡು ಬಟ್ಟೆ ಬ್ರಷ್, ಒಂದು ಬಾಚಣಿಗೆ. ಬರ್ಮಿಂಗ್‌ಹ್ಯಾಮ್ ಮುದ್ರೆ, 1930ರ ಆಸುಪಾಸಿನದು. ಸ್ಥಿತಿ ವರದಿಯಲ್ಲಿ ‘ಅಲ್ಲಲ್ಲಿ ಸಣ್ಣ ನಷ್ಟ, ಹಳೆಯ ದುರಸ್ತಿ’ ಎಂದು ಬರೆದಿದ್ದಾರೆ. ಕೊಂಡು, ಊರಿಗೆ ಬಂದಾಗ ನಮ್ಮ ಅಕ್ಕಸಾಲಿಗರ ಹತ್ತಿರ ಸರಿಮಾಡಿಸಿಕೊಳ್ಳಬಹುದೇ? (ಲೀಸೆಸ್ಟರ್, ಇಂಗ್ಲೆಂಡ್)

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇವೆ: ಆಗುವುದಿಲ್ಲ. ಎನಾಮಲ್ ಅಂದ ಕೂಡಲೇ ಗೇಟಿಗೆ ಬಳಿಯುವ ಪೇಂಟು ನೆನಪಾಗುವುದರಿಂದ ಈ ತೊಂದರೆ. ಇದು ಬಣ್ಣವಲ್ಲ, ಗಾಜು. ಗಾಜಿನ ಪುಡಿಯನ್ನು ಲೋಹದ ಮೇಲೆ ಹರಡಿ ಸುಮಾರು 750ರಿಂದ 850 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವೇ ನಿಮಿಷ ಇಟ್ಟು ಕರಗಿಸಿ ಕೂರಿಸಿರುತ್ತಾರೆ. ಮನೆಯ ಹಳೇ ಎನಾಮಲ್ ತಟ್ಟೆ ಕೈಜಾರಿ ಬಿದ್ದಾಗ ಅಂಚಿನಲ್ಲಿ ಚಕ್ಕೆ ಎದ್ದು ಒಳಗಿನ ಕಬ್ಬಿಣ ಕಪ್ಪಗೆ ಕಾಣುತ್ತಿತ್ತಲ್ಲ, ಅದೇ ಜಾತಿ. ಇಲ್ಲಿ ಕಬ್ಬಿಣದ ಬದಲು ಬೆಳ್ಳಿ. ಒಂದು ಚಕ್ಕೆ ತುಂಬಲು ಇಡೀ ತುಂಡನ್ನು ಮತ್ತೆ ಕುಲುಮೆಗೆ ಇಡಬೇಕು. ಇಟ್ಟರೆ ಬಿರುಕಿನೊಳಗೆ ಸೇರಿದ ಕೊಳೆ, ತೇವ ಗುಳ್ಳೆಯಾಗಿ ಏಳುತ್ತವೆ, ಹಳೆಯ ಬೆಸುಗೆ ಬಿಡುತ್ತದೆ, ಉಳಿದ ಗಾಜಿನ ಬಣ್ಣವೂ ಕೆಡಬಹುದು. ಸ್ಟರ್ಲಿಂಗ್ ಬೆಳ್ಳಿ ಪೂರ್ತಿ ಕರಗುವುದೇ 890 ಡಿಗ್ರಿಯ ಸುತ್ತಮುತ್ತ ಎಂದಮೇಲೆ ಕೈತಪ್ಪಲು ಎಷ್ಟು ಕಡಿಮೆ ಅವಕಾಶ ಇದೆ ನೋಡಿ. ಅದಕ್ಕೇ ದುರಸ್ತಿ ಮಾಡುವವರು ಬಿಸಿ ಮಾಡುವ ಗೋಜಿಗೇ ಹೋಗದೆ ಬಣ್ಣ ಬೆರೆಸಿದ ರೆಸಿನ್ (ಆರಿದ ಮೇಲೆ ಗಟ್ಟಿಯಾಗುವ ಅಂಟು) ತುಂಬುತ್ತಾರೆ. ‘ಹಳೆಯ ದುರಸ್ತಿ’ ಎಂದರೆ ಸಾಮಾನ್ಯವಾಗಿ ಇದೇ.

ನೀವು ಹೇಳುವ ಸೆಟ್ಟುಗಳಲ್ಲಿ ಹೆಚ್ಚಿನವು ಗಿಯೋಶೆ ಕೆಲಸದವು. ಬೆಳ್ಳಿ ತಗಡಿನ ಮೇಲೆ ಯಂತ್ರದಿಂದ ಅಲೆಯಂತೆ ಅಥವಾ ಸೂರ್ಯಕಿರಣದಂತೆ ಗೀರು ಕೊರೆದು, ಮೇಲೆ ಪಾರದರ್ಶಕ ಗಾಜು ಕೂರಿಸುತ್ತಾರೆ. ಕೈಯಲ್ಲಿ ಹಿಡಿದು ತಿರುಗಿಸಿದರೆ ಒಳಗಿನ ಗೀರು ರೇಷ್ಮೆಯ ಹಾಗೆ ಹೊಳೆಯುತ್ತದೆ. ದುರಸ್ತಿ ಪತ್ತೆಯಾಗುವುದೂ ಇಲ್ಲಿಯೇ. ಟಾರ್ಚನ್ನು ಮೇಲಿಂದ ಬಿಡದೆ ಪಕ್ಕದಿಂದ, ಮೇಲ್ಮೈಗೆ ಒತ್ತಿದಂತೆ ಹಿಡಿಯಿರಿ. ಕೂದಲೆಳೆಯಂಥ ಬಿರುಕು ಬೆಳ್ಳಗೆ ಮಿಂಚುತ್ತದೆ. ಅಲೆಗಳು ಹರಿದು ಬಂದು ಒಂದು ಜಾಗದಲ್ಲಿ ತಟ್ಟನೆ ಮಸುಕಾಗಿ ಆಚೆ ಮತ್ತೆ ಶುರುವಾದರೆ ಆ ಮಸುಕು ತೇಪೆ. ಉಗುರಿನಿಂದ ಮೆಲ್ಲಗೆ ತಟ್ಟಿದರೆ ಗಾಜು ‘ಟಿಕ್’ ಅನ್ನುತ್ತದೆ, ರೆಸಿನ್ ಮಂಕಾಗಿ ಸದ್ದು ಮಾಡುತ್ತದೆ. ಅಲ್ಟ್ರಾವಯಲೆಟ್ ಟಾರ್ಚಿನಡಿ ಬಹಳಷ್ಟು ರೆಸಿನ್‌ಗಳು ಬೇರೆಯದೇ ಬಣ್ಣದಲ್ಲಿ ಹೊಳೆಯುತ್ತವೆ. ಕೆಲವು ಗಾಜುಗಳೂ ಹೊಳೆಯುವುದರಿಂದ ಹೊಳಪು ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಎಲ್ಲ ಕಡೆ ಒಂದೇ ಥರ ಇದೆಯೇ ಎಂದು ನೋಡಬೇಕು. ಖುದ್ದು ಹೋಗಲಾಗದಿದ್ದರೆ ಪ್ರತಿ ತುಂಡಿನ ಅಂಚು ಮತ್ತು ಹಿಡಿಕೆಯ ತುದಿಯ ಫೋಟೊ ಕೇಳಿ. ಮೇಜಿಗೆ ತಗಲುವುದು ಆ ಜಾಗಗಳೇ. ಮೊದಲ ಚಕ್ಕೆ ಏಳುವುದೂ ಅಲ್ಲಿಯೇ.

ಇನ್ನೆರಡು ಸಂಗತಿ. ಮುದ್ರೆಗಳ ನಡುವೆ ತಯಾರಾದ ವರ್ಷವನ್ನು ಹೇಳುವ ಇಂಗ್ಲಿಷ್ ಅಕ್ಷರವೊಂದು ಇರುತ್ತದೆ, ಆರೂ ತುಂಡುಗಳಲ್ಲಿ ಅದು ಒಂದೇ ಇದೆಯೇ ನೋಡಿ. ಒಡೆದ ಬ್ರಷ್ಷಿನ ಬದಲು ಬೇರೆ ಸೆಟ್ಟಿನದನ್ನು ಸೇರಿಸಿರುವುದು ಬೇಕಾದಷ್ಟು ಸಲ ಕಾಣುತ್ತದೆ. ಮತ್ತೆ, ತೂಕ ನೋಡಿ ಬೆಳ್ಳಿಯ ಲೆಕ್ಕ ಹಾಕಬೇಡಿ. ಬೆಳ್ಳಿ ಬರೀ ತೆಳ್ಳನೆಯ ಹೊರಕವಚ. ಕೈಗೆ ಸಿಗುವ ಭಾರ ಗಾಜು, ಮರ, ಒಳಗೆ ತುಂಬಿದ ರಾಳ ಅಥವಾ ಪ್ಲಾಸ್ಟರಿನದು. ‘ತೂಕ ತುಂಬಿದ್ದು’ ಎಂದು ಬರೆದಿರುವ ಮೇಣದಬತ್ತಿ ಕಂಬಗಳಿಗೂ ಇದೇ ಮಾತು.

ನಮ್ಮನ್ನು ಕೇಳಿದರೆ, ದುರಸ್ತಿಯಾದ ಆರು ತುಂಡಿನ ಸೆಟ್ಟಿಗಿಂತ ಒಂದೂ ಬಿರುಕಿಲ್ಲದ ಒಂಟಿ ಕೈಗನ್ನಡಿ ಒಳ್ಳೆಯದು. ಕನ್ನಡಿಯ ಹಿಂಬದಿಯ ಲೇಪ ಅಲ್ಲಲ್ಲಿ ಕಲೆಯಾಗಿದ್ದರೆ ಅದು ದೋಷವಲ್ಲ.

ಪ್ರಶ್ನೆ: ಹರಾಜಿನಲ್ಲಿ ಕೊಂಡ ಆರು ಟೀ ಚಮಚಗಳ ಹಿಂದೆ ಸಿಂಹ, ಲಂಗರು, ಒಂದು ಇಂಗ್ಲಿಷ್ ಅಕ್ಷರ ಇವೆ. ಸ್ನೇಹಿತರ ಹತ್ತಿರ ಇರುವ ಫೋರ್ಕುಗಳಲ್ಲೂ ನಾಲ್ಕು ಮುದ್ರೆಗಳಿವೆ, ಆದರೆ ಅವು ಬೆಳ್ಳಿಯಲ್ಲ ಅನ್ನುತ್ತಾರೆ. ಹೇಗೆ ತಿಳಿಯುವುದು? (ಹುಬ್ಬಳ್ಳಿ)

ಉತ್ತರ: ಒಂದು ಕಾಲೆತ್ತಿ ನಡೆಯುವ ಸಿಂಹ ಎಂದರೆ ಇಂಗ್ಲೆಂಡಿನ ಸ್ಟರ್ಲಿಂಗ್, ಸಾವಿರಕ್ಕೆ 925 ಪಾಲು ಬೆಳ್ಳಿ. ಲಂಗರು ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆ ಲಂಡನ್, ಕೋಟೆ ಎಡಿನ್‌ಬರೋ. ಶೆಫೀಲ್ಡ್‌ಗೆ 1974ರ ತನಕ ಕಿರೀಟವಿತ್ತು, 1975ರಿಂದ ಗುಲಾಬಿ. ಬರ್ಮಿಂಗ್‌ಹ್ಯಾಮಿಗೆ ಸಮುದ್ರವೇ ಇಲ್ಲ, ಲಂಗರು ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳಬೇಡಿ, ಅದು ಹಾಗೇ. ಅಕ್ಷರ ವರ್ಷವನ್ನು ಹೇಳುತ್ತದೆ. ಅಕ್ಷರದ ಜತೆಗೆ ಅದರ ಶೈಲಿ ಮತ್ತು ಸುತ್ತಲಿನ ಚೌಕಟ್ಟಿನ ಆಕಾರವನ್ನೂ ಪಟ್ಟಿಯೊಂದಿಗೆ ಹೋಲಿಸಬೇಕು, ಇಲ್ಲದಿದ್ದರೆ ಇಪ್ಪತ್ತೈದು ವರ್ಷ ಅತ್ತಿತ್ತ ಆಗುತ್ತದೆ. ಜತೆಗೆ ರಾಜನ ಅಥವಾ ರಾಣಿಯ ತಲೆ ಇದ್ದರೆ ಅದು ಸುಂಕ ಕಟ್ಟಿದ ಗುರುತು. 1784ರಿಂದ 1890ರ ತನಕ ಹೊಡೆಯುತ್ತಿದ್ದರು.

ಸ್ನೇಹಿತರ ಫೋರ್ಕುಗಳ ಮೇಲೆ ನಾಲ್ಕು ಪುಟ್ಟ ಚೌಕಗಳಲ್ಲಿ ಇ, ಪಿ, ಎನ್, ಎಸ್ ಎಂಬ ಅಲಂಕಾರದ ಅಕ್ಷರಗಳಿರಬಹುದು. ನಿಕಲ್ ಮಿಶ್ರಲೋಹಕ್ಕೆ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸಿದ್ದು ಅದು. 1840ರಲ್ಲಿ ಎಲ್ಕಿಂಗ್ಟನ್ ಕಂಪನಿ ಪೇಟೆಂಟ್ ಪಡೆದ ಮೇಲೆ ಈ ಕೆಲಸ ಹಬ್ಬಿತು. ದೂರದಿಂದ ನೋಡಿದರೆ ಹಾಲ್‌ಮಾರ್ಕ್ ಅನ್ನಿಸಲಿ ಎಂದೇ ಚೌಕದಲ್ಲಿ ಹೊಡೆಯುತ್ತಿದ್ದರು. ಜರ್ಮನ್ ಸಿಲ್ವರ್, ನಿಕಲ್ ಸಿಲ್ವರ್, ಅಲ್ಪಾಕಾ, ಇವುಗಳಲ್ಲಿ ಹೆಸರಿಗಷ್ಟೇ ಬೆಳ್ಳಿ. ಒಳಗಿರುವುದು ತಾಮ್ರ, ನಿಕಲ್, ಸತು.

ನಿಮ್ಮ ಆರೂ ಚಮಚಗಳನ್ನು ಸಾಲಾಗಿ ಬೋರಲು ಇಟ್ಟು ಹತ್ತುಪಟ್ಟು ಭೂತಗನ್ನಡಿಯಲ್ಲಿ ನೋಡಿ. ಮುದ್ರೆಯನ್ನು ಕೈಯಲ್ಲಿ ಒಂದೊಂದಾಗಿ ಹೊಡೆದಿದ್ದರೆ ಒಂದರಲ್ಲಿ ಸಿಂಹ ಕೊಂಚ ವಾಲಿರುತ್ತದೆ, ಇನ್ನೊಂದರಲ್ಲಿ ಲಂಗರು ಅರ್ಧಕೂದಲಷ್ಟು ಸರಿದಿರುತ್ತದೆ. ಆರರಲ್ಲೂ ಅದೇ ವಾಲು, ಅದೇ ಅಂತರ, ಅಂಚು ಮೆತ್ತಗೆ, ತಗ್ಗಿನಲ್ಲಿ ಸೂಜಿಮೊನೆಯಂಥ ರಂಧ್ರಗಳು ಕಂಡರೆ ಒಂದು ಅಸಲಿ ಚಮಚದಿಂದ ಅಚ್ಚು ತೆಗೆದು ಎರಕ ಹೊಯ್ದದ್ದು. ದೊಡ್ಡ ಪಾತ್ರೆಗಳಲ್ಲಿ ಇನ್ನೊಂದು ಮೋಸ ಉಂಟು: ಹಳೇ ಚಮಚದ ಮುದ್ರೆಯನ್ನು ಕತ್ತರಿಸಿ ಪಾತ್ರೆಯ ತಳಕ್ಕೆ ಬೆಸೆಯುವುದು. ಮುದ್ರೆಯ ಮೇಲೆ ಬಾಯಿಯಿಂದ ‘ಹಾ’ ಎಂದು ಉಸಿರು ಬಿಡಿ. ಆವಿ ಆರುವಾಗ ಬೆಸುಗೆಯ ಗೆರೆ ಚೌಕವಾಗಿಯೋ ದುಂಡಗೋ ಒಂದು ಕ್ಷಣ ಕಂಡು ಮಾಯವಾಗುತ್ತದೆ.

ಪ್ರಶ್ನೆ: ಬಿಡ್ 400 ಪೌಂಡಿಗೆ ನಿಂತಿತು, ಬಿಲ್ಲು ಮಾತ್ರ 544 ಪೌಂಡ್ ಬಂತು. ಇದು ಸರಿಯೇ? (ಲಂಡನ್)

ಉತ್ತರ: ಸರಿಯಾಗಿಯೇ ಇರಬಹುದು. ಸುತ್ತಿಗೆ ಬಿದ್ದ ಬೆಲೆ 400. ಕೊಳ್ಳುವವರ ಪ್ರೀಮಿಯಂ, ಅಂದರೆ ಹರಾಜಿನವರು ಕೊಳ್ಳುವವರಿಂದ ಪಡೆಯುವ ಕಮಿಷನ್, ಶೇ 25 ಆದರೆ 100. ಅದರ ಮೇಲೆ ಶೇ 20 ವ್ಯಾಟ್ ತೆರಿಗೆ, 20. ಆನ್‌ಲೈನ್ ವೇದಿಕೆಯ ಶುಲ್ಕ ಶೇ 5 ಆದರೆ 20, ಅದಕ್ಕೂ ವ್ಯಾಟ್ 4. ಒಟ್ಟು 544. ದರಗಳು ಹರಾಜಿನಿಂದ ಹರಾಜಿಗೆ ಬೇರೆ. ಷರತ್ತಿನ ಪುಟದಲ್ಲಿ ಅಚ್ಚಾಗಿರುತ್ತವೆ. ಲೆಕ್ಕವನ್ನು ಹಿಂದುಮುಂದಾಗಿ ಮಾಡಿ: ಇಲ್ಲಿ ಒಟ್ಟು 1.36 ಪಟ್ಟು. ನಿಮ್ಮ ಕೈಯಲ್ಲಿ 500 ಪೌಂಡ್ ಇದ್ದರೆ 367ಕ್ಕೆ ಕೈ ಇಳಿಸಬೇಕು. ಪ್ಯಾಕಿಂಗ್, ಸಾಗಣೆ, ವಿಮೆ ಬೇರೆ. ಎನಾಮಲ್ ಸಾಮಾನಿಗೆ ಒಡೆಯುವ ವಸ್ತುವಿನ ವಿಮೆ ಸಿಗುತ್ತದೆಯೇ ಎಂದು ಬಿಡ್‌ಗೆ ಮೊದಲೇ ಕೇಳಿ. ಕೆಲವು ಕೊರಿಯರ್‌ಗಳು ಗಾಜು ಅಂದ ಕೂಡಲೇ ಕೈ ಆಡಿಸುತ್ತವೆ. ಭಾರತಕ್ಕೆ ತರುವುದಾದರೆ ಕಸ್ಟಮ್ಸ್ ಸುಂಕ, ಬೆಳ್ಳಿ ಆಮದಿನ ಆ ಹೊತ್ತಿನ ನಿಯಮ ಎರಡನ್ನೂ ಏಜೆಂಟರಿಂದ ಬರವಣಿಗೆಯಲ್ಲಿ ಪಡೆಯಿರಿ.

ಪ್ರಶ್ನೆ: ದೇವರ ಮೂರ್ತಿಗಳನ್ನು ಉಬ್ಬುಕೆಲಸದಲ್ಲಿ ಮೂಡಿಸಿರುವ ಬೆಳ್ಳಿ ಟೀ ಸೆಟ್ ನೋಡಿದ್ದೇವೆ. ಸಿಂಹದ ಮುದ್ರೆ ಇಲ್ಲ. ಬೆಳ್ಳಿ ಹೌದೇ? ಕೊಂಡರೆ ಅಮೆರಿಕದಲ್ಲಿರುವ ಮಗನಿಗೆ ಕಳಿಸಬಹುದೇ? (ಬೆಂಗಳೂರು)

ಉತ್ತರ: ಮದ್ರಾಸಿನ ‘ಸ್ವಾಮಿ’ ಶೈಲಿಯದು ಇರಬಹುದು. ಬ್ರಿಟಿಷರ ಕಾಲದಲ್ಲಿ ಪಿ. ಓರ್ ಅಂಡ್ ಸನ್ಸ್ ಈ ಕೆಲಸಕ್ಕೆ ಹೆಸರಾದ ಅಂಗಡಿ. ಆಗ ಇಲ್ಲಿ ಇಂಗ್ಲೆಂಡಿನಂಥ ಸರ್ಕಾರಿ ಪರೀಕ್ಷಾ ಕಚೇರಿ ಇರಲಿಲ್ಲ. ಹಾಗಾಗಿ ತಯಾರಕರ ಹೆಸರು ಮಾತ್ರ ಇರುತ್ತದೆ, ಅಥವಾ ಏನೂ ಇರುವುದಿಲ್ಲ. ಕಲ್ಕತ್ತೆಯ ಹ್ಯಾಮಿಲ್ಟನ್ ಕಂಪನಿ ಆನೆಯ ಗುರುತು ಹೊಡೆಯುತ್ತಿತ್ತು. ಕಛ್‌ನ ಊಮರ್ಸಿ ಮಾವ್ಜಿಯ ಸಾಮಾನಿನಲ್ಲಿ ಓ.ಎಂ. ಮತ್ತು ಭುಜ್ ಎಂದಿರುತ್ತದೆ. ಮುದ್ರೆ ಇಲ್ಲ ಎಂದು ತಳ್ಳಿಹಾಕಬೇಡಿ, ಹೆಸರು ಇದೆ ಎಂದು ನಂಬಿಬಿಡಲೂ ಬೇಡಿ. ಎಕ್ಸ್‌ರೇ ಬಿಟ್ಟು ಲೋಹ ಯಾವುದೆಂದು ಹೇಳುವ ಎಕ್ಸ್‌ಆರ್‌ಎಫ್ ಯಂತ್ರ ಓದುವುದು ಮೇಲ್ಪದರವನ್ನಷ್ಟೇ. ಲೇಪನ ದಪ್ಪಗಿದ್ದರೆ ಯಂತ್ರಕ್ಕೂ ಬೆಳ್ಳಿಯೇ ಕಾಣುತ್ತದೆ. ಸವೆದಿರುವ ಕಾಲಿನ ಅಂಚಿನಲ್ಲಿ ಇನ್ನೊಮ್ಮೆ ಓದಿಸಿ.

ಉಬ್ಬುಕೆಲಸದಲ್ಲಿ ತಗಡನ್ನು ಒಳಗಿನಿಂದ ಬಡಿದು ಎಬ್ಬಿಸಿರುವುದರಿಂದ ಎತ್ತರದ ಜಾಗವೇ ಅತ್ಯಂತ ತೆಳು. ತಲೆಮಾರುಗಟ್ಟಲೆ ತಿಕ್ಕಿದರೆ ಮೊದಲು ಸವೆಯುವುದು ದೇವರ ಮೂಗು, ಮೊಣಕಾಲು, ಕಿರೀಟದ ತುದಿ. ಕತ್ತಲೆಯಲ್ಲಿ ಟೀ ಪಾತ್ರೆಯೊಳಗೆ ಸಣ್ಣ ಟಾರ್ಚ್ ಇಳಿಬಿಡಿ. ಸೂಜಿರಂಧ್ರವಿದ್ದರೆ ಕೃಷ್ಣನ ಮೂಗಿನ ತುದಿಯಲ್ಲಿ ನಕ್ಷತ್ರದಂತೆ ಬೆಳಕು ಬರುತ್ತದೆ. ಕೊಳವೆ, ಹಿಡಿಕೆ ಕೂಡುವಲ್ಲಿ ಮಂಕು ಬೂದುಬಣ್ಣದ ಹೆಪ್ಪು ಕಂಡರೆ ಸೀಸದ ಬೆಸುಗೆ ಹಾಕಿದ್ದಾರೆ ಎಂದರ್ಥ. ಅಂಥದ್ದನ್ನು ಬೆಳ್ಳಿ ಬೆಸುಗೆಗೆ ಕಾಯಿಸಿದರೆ ಸೀಸ ಬೆಳ್ಳಿಯನ್ನೇ ತಿಂದು ತೂತು ಮಾಡುತ್ತದೆ. ಹಿಡಿಕೆಯಲ್ಲಿ ಶಾಖ ತಡೆಯಲು ಹಾಕಿದ ಬಿಳಿ ಬಿಲ್ಲೆ ಆನೆದಂತವಾಗಿದ್ದರೆ ಆ ಸೆಟ್ಟನ್ನು ಬಿಟ್ಟುಬಿಡಿ. ದಂತದ ವ್ಯಾಪಾರಕ್ಕೆ ಇಲ್ಲಿ ನಿಷೇಧವಿದೆ.

ಕಳಿಸುವ ಮಾತು: 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಇಂಥ ವಸ್ತುವಿಗೆ ನೂರು ವರ್ಷ ತುಂಬಿದರೆ ಅದು ಪ್ರಾಚ್ಯವಸ್ತು, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಸೂಟ್‌ಕೇಸಿನಲ್ಲಿ ಒಯ್ದರೂ ಅಷ್ಟೇ. ನೂರು ತುಂಬಿಲ್ಲ ಎನ್ನುವುದಾದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದು ಕಳಿಸಿ.

ಪ್ರಶ್ನೆ: ರಷ್ಯಾದ ಎನಾಮಲ್ ಚಮಚ, 84 ಎಂಬ ಸಂಖ್ಯೆ, ಫ್ಯಾಬರ್ಜೆ (ರಷ್ಯಾದ ಹೆಸರಾಂತ ಆಭರಣ ತಯಾರಕರು) ಹೆಸರು. ಬೆಲೆ ಅಗ್ಗ. ಕೊಳ್ಳಬಹುದೇ? (ಮೈಸೂರು)

ಉತ್ತರ: ಅಗ್ಗ ಎಂಬಲ್ಲೇ ಉತ್ತರ ಇದೆ. 84 ಎನ್ನುವುದು ಜೊಲೊಟ್ನಿಕ್ ಎಂಬ ರಷ್ಯಾದ ಹಳೆಯ ಅಳತೆಯ ಲೆಕ್ಕ. 96 ಎಂದರೆ ಶುದ್ಧ ಬೆಳ್ಳಿ, 84 ಎಂದರೆ ಸಾವಿರಕ್ಕೆ 875. ಸಂಖ್ಯೆ ಸುಳ್ಳಲ್ಲದಿರಬಹುದು, ಆದರೆ ಲೋಕದಲ್ಲಿ ಅತಿ ಹೆಚ್ಚು ನಕಲಿಯಾಗಿ ಹೊಡೆದ ಹೆಸರುಗಳಲ್ಲಿ ಫ್ಯಾಬರ್ಜೆ ಒಂದು. ಎನಾಮಲ್ ಚಮಚವೇ ಆಸೆಯಾದರೆ ನಾರ್ವೆಯವನ್ನು ನೋಡಿ: ಡೇವಿಡ್-ಆಂಡರ್ಸನ್ ಹೆಸರು, 925 ಎಸ್ ಮುದ್ರೆ, ಚಿನ್ನದ ನೀರು ಕೊಟ್ಟ ಬೆಳ್ಳಿ. ಪೆಟ್ಟಿಗೆ ಸಮೇತ ಆರಾರು ಬರುತ್ತವೆ. ಬಟ್ಟಲಿನ ತುದಿ ಮತ್ತು ಹಿಡಿಕೆಯ ಬುಡದಲ್ಲಿ ಚಕ್ಕೆ ಎದ್ದಿದೆಯೇ ನೋಡಿದರೆ ಮುಕ್ಕಾಲು ಕೆಲಸ ಮುಗಿಯಿತು.

ಪ್ರಶ್ನೆ: ಬೆಳ್ಳಿಯ ಮೀನಾಕಾರಿ (ಎನಾಮಲ್ ಕೆಲಸದ) ಕುಂಕುಮ ಭರಣಿ ಕಪ್ಪಾಗಿದೆ. ಹುಣಸೆಹಣ್ಣು, ವಿಭೂತಿ ಹಾಕಿ ತೊಳೆಯಬಹುದೇ? ಜತೆಗೆ ಬಿದರಿ ಹೂಜಿಯೂ ಇದೆ. (ಉಡುಪಿ)

ಉತ್ತರ: ಹುಣಸೆ ಬೇಡ. ಅದರ ಹುಳಿ ಹಳೆಯ ಗಾಜಿನ ಹೊಳಪನ್ನು ತಿನ್ನುತ್ತದೆ, ಬಿರುಕಿನಲ್ಲಿ ಇಳಿದು ಅಡಿಯ ಲೋಹವನ್ನೂ ಕೆಡಿಸುತ್ತದೆ. ಪಾತ್ರೆ ತೊಳೆಯುವ ಪುಡಿ ಹಾಕಿದರೆ ಮುದ್ರೆಯೇ ಸವೆದುಹೋಗುತ್ತದೆ. ಬಿಸಿನೀರು, ಸೋಡಾ, ಅಲ್ಯೂಮಿನಿಯಂ ಹಾಳೆಯ ಉಪಾಯವೂ ಎನಾಮಲ್ಲಿಗೆ ಆಗದು. ಗಾಜು ಮತ್ತು ಲೋಹ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಅಲ್ಟ್ರಾಸಾನಿಕ್ ಯಂತ್ರಕ್ಕೂ ಕೊಡಬೇಡಿ. ಒಂದು ಲೋಟ ತಣ್ಣನೆಯ ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಬಣ್ಣ-ಸುವಾಸನೆಯಿಲ್ಲದ ಪಾತ್ರೆ ಸೋಪಿನ ದ್ರವ. ಹತ್ತಿಕಡ್ಡಿಯನ್ನು ಅದ್ದಿ, ಹಿಂಡಿ, ಗಾಜಿನ ಮೇಲೆ ಒರೆಸಿ. ಬರೀ ನೀರಿನ ಕಡ್ಡಿಯಿಂದ ಇನ್ನೊಮ್ಮೆ, ಕೂಡಲೇ ಒಣಬಟ್ಟೆ. ಮುಳುಗಿಸಬೇಡಿ. ಸುತ್ತಲಿನ ಬರೀ ಬೆಳ್ಳಿಗೆ ಮಾತ್ರ ಬೆಳ್ಳಿ ಒರೆಸುವ ಬಟ್ಟೆ ಸಾಕು.

ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ರಬ್ಬರ್ ಬ್ಯಾಂಡ್ ಸುತ್ತಿಟ್ಟರೆ ಅದರ ಗೆರೆಯೇ ಕಪ್ಪಗೆ ಉಳಿಯುತ್ತದೆ. ಉಣ್ಣೆ ಬಟ್ಟೆ, ಸುದ್ದಿಪತ್ರಿಕೆಯೂ ಬೇಡ. ಆಮ್ಲರಹಿತ ಟಿಶ್ಯೂ ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ನಿಮ್ಮ ಕರಾವಳಿಯ ಮಳೆಗಾಲಕ್ಕೆ ಪೊಟ್ಟಣ ಬೇಗ ತೇವ ಹಿಡಿಯುತ್ತದೆ, ಬದಲಿಸುತ್ತಿರಿ. ಎನಾಮಲ್ ಮೇಲೆ ಸೋಪು ಮುಟ್ಟಿದಂತೆ ಜಾರುವ ಸಣ್ಣ ಹನಿಗಳು ಅಥವಾ ಬಿಳಿ ಮಬ್ಬು ಮತ್ತೆಮತ್ತೆ ಕಂಡರೆ ಅದು ಕೊಳೆಯಲ್ಲ. ತೇವಕ್ಕೆ ಗಾಜಿನೊಳಗಿನ ಕ್ಷಾರ ಹೊರಗೆ ಬರುತ್ತಿದೆ. ಅಂಥದ್ದನ್ನು ಒಣ ಜಾಗಕ್ಕೆ ಸರಿಸಿ, ವಸ್ತುಸಂಗ್ರಹಾಲಯದ ಸಂರಕ್ಷಣಾ ತಜ್ಞರಿಗೆ ತೋರಿಸಿ.

ಹೂಜಿಗೆ ಬೇರೆ ನಿಯಮ. ಬಿದರಿಯಲ್ಲಿ ಎನಾಮಲ್ ಇಲ್ಲ. ಸತು ಮತ್ತು ಸ್ವಲ್ಪ ತಾಮ್ರದ ಎರಕದೊಳಗೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಲೇಪದಿಂದ ಕಪ್ಪು ಬರಿಸಿರುತ್ತಾರೆ. ಆ ಕಪ್ಪು ಬೇಕೆಂದೇ ತಂದದ್ದು. ಲೋಹದ ಪಾಲಿಶ್ ಹಾಕಿ ತಿಕ್ಕಿದರೆ ಅದು ಬೂದುಬಣ್ಣಕ್ಕೆ ತಿರುಗುತ್ತದೆ, ಮತ್ತೆ ಬೀದರ್‌ಗೇ ಒಯ್ಯಬೇಕಾಗುತ್ತದೆ. ಒಣ ಹತ್ತಿಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ತಾಗಿಸಿ ಒರೆಸಿಡಿ.