ಹಿಂದೆಮುಂದೆ ನೋಡಿದವರನ್ನ ಯಾಕೆ ಬಿಟ್ರಿ?

ನಮಸ್ಕಾರ. ಅಮೆರಿಕದ ಹದಿಮೂರು ವಸಾಹತುಗಳು ಬ್ರಿಟನ್ ಕೈಯಿಂದ ಬಿಡಿಸಿಕೊಂಡ ಬಗ್ಗೆ ನೀವು ಕಳಿಸಿದ ಲೇಖನ ನಿನ್ನೆ ರಾತ್ರಿ ಓದಿದೆ, ಬೆಳಿಗ್ಗೆ ಎದ್ದು ಇನ್ನೊಂದ್ಸಲ ಓದಿದೆ. ಭಾಷೆ ಚೆನ್ನಾಗಿದೆ, ಎಲ್ಲೂ ತಡವರಿಸಲ್ಲ. ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ಸೋತು ಶರಣಾದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ಸೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆ ಇಟ್ಕೊಂಡ ಅನ್ನೋದನ್ನ ಕೊನೇಲಿ ತಂದಿದ್ದೀರಲ್ಲ, ಅದು ನಮ್ಮ ಓದುಗರಿಗೆ ಹಿಡಿಸತ್ತೆ. ಆದ್ರೆ ಈಗಿರೋ ಹಾಗೆ ಹಾಕಕ್ಕಾಗಲ್ಲ. ಮೂರು ಸಾಲು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಉಳಿದಿದ್ದೆಲ್ಲ ಬಿಡಿ, ಆ ಮೂರನ್ನ ಮಾತ್ರ ನೋಡೋಣ.

ಮೊದಲನೇದು, ನಿಮ್ಮ ಎರಡನೇ ಪ್ಯಾರಾ. "ಬ್ರಿಟಿಷರ ದಬ್ಬಾಳಿಕೆಯಿಂದ ಬೇಸತ್ತ ಜನ 1765ರಲ್ಲೇ ಸ್ವಾತಂತ್ರ್ಯದ ಪಣ ತೊಟ್ಟರು." ಯಾರು ತೊಟ್ರು? ಆ ವರ್ಷ ಸ್ಟಾಂಪ್ ಆಕ್ಟ್ ಬಂತು ನಿಜ, ಫ್ರಾನ್ಸ್ ಜೊತೆ ಏಳು ವರ್ಷ ಯುದ್ಧ ಮಾಡಿ ಬ್ರಿಟನ್ ಸಾಲ ಹತ್ತಿರಹತ್ತಿರ 13 ಕೋಟಿ ಪೌಂಡ್ ಆಗಿತ್ತು, ಅದಕ್ಕೆ ಕೋರ್ಟ್ ಕಾಗದ, ಪೇಪರ್, ಕೊನೆಗೆ ಇಸ್ಪೀಟ್ ಎಲೆಗೂ ಸ್ಟಾಂಪ್ ಹಾಕಿ ಅಂದ್ರು, ಬಾಸ್ಟನ್‌ನಲ್ಲಿ ಸ್ಟಾಂಪ್ ಮಾರಬೇಕಿದ್ದ ಆಂಡ್ರ್ಯೂ ಆಲಿವರ್‌ನ ಪ್ರತಿಕೃತಿ ಮಾಡಿ ಮರಕ್ಕೆ ನೇತು ಹಾಕಿದ್ರು, ಇದೆಲ್ಲ ನೀವೂ ಬರ್ದಿದ್ದೀರಿ. ಆದ್ರೆ ಅದೇ ಅಕ್ಟೋಬರಲ್ಲಿ ಒಂಬತ್ತು ವಸಾಹತುಗಳವರು ನ್ಯೂಯಾರ್ಕಲ್ಲಿ ಸೇರಿ ಬರೆದ ಘೋಷಣೆ ನೋಡಿ, ಶುರುವಾಗೋದೇ ರಾಜನಿಗೆ ನಾವು ನಿಷ್ಠರು ಅಂತ. ಅವರು ಕೇಳಿದ್ದು ಇಂಗ್ಲೆಂಡಿನ ಪ್ರಜೆಗಳಿಗಿರೋ ಹಕ್ಕು ನಮಗೂ ಕೊಡಿ, ನಮ್ಮ ಪ್ರತಿನಿಧಿಗಳು ಒಪ್ಪದೆ ತೆರಿಗೆ ಹಾಕಬೇಡಿ ಅಂತ ಅಷ್ಟೇ. ಮಾರನೇ ವರ್ಷ ಕಾಯ್ದೆ ವಾಪಸ್ ಆದಾಗ ನ್ಯೂಯಾರ್ಕಿನವರಿಗೆ ಎಷ್ಟು ಖುಷಿ ಆಯ್ತಂದ್ರೆ ಮೂರನೇ ಜಾರ್ಜ್ ಕುದುರೆ ಮೇಲೆ ಕೂತಿರೋ ಸೀಸದ ವಿಗ್ರಹ ಮಾಡಿಸಿ, ಚಿನ್ನದ ಲೇಪ ಕೊಡಿಸಿ, 1770ರಲ್ಲಿ ಊರೊಳಗಿನ ಬೌಲಿಂಗ್ ಗ್ರೀನ್ ಅನ್ನೋ ಪಾರ್ಕಲ್ಲಿ ನಿಲ್ಲಿಸಿದ್ರು. 1776ರ ಜುಲೈ 9ಕ್ಕೆ ಅದೇ ಊರಲ್ಲಿ ಅದೇ ವಿಗ್ರಹಕ್ಕೆ ಹಗ್ಗ ಹಾಕಿ ಎಳೆದು ಬೀಳಿಸಿದ್ರು, ಆ ಸೀಸ ಕರಗಿಸಿ 42 ಸಾವಿರಕ್ಕೂ ಜಾಸ್ತಿ ಬಂದೂಕಿನ ಗುಂಡು ಮಾಡಿದ್ರು. ಬರೀ ಆರು ವರ್ಷ ಕಣ್ರಿ. ವಿಗ್ರಹ ನಿಲ್ಲಿಸಿದವರು ಅದನ್ನೇ ಉರುಳಿಸೋ ಜನ ಹೇಗಾದ್ರು ಅನ್ನೋದೇ ನಿಮ್ಮ ಕತೆ. 1765ರಲ್ಲೇ ಪಣ ತೊಟ್ಟುಬಿಟ್ರೆ ಆಮೇಲೆ ಹೇಳಕ್ಕೆ ಏನುಳೀತು?

ನಾನು ಕೆಲಸ ಕಲಿತಿದ್ದು ಒಂದು ವಾರಪತ್ರಿಕೇಲಿ. ಡಿಗ್ರಿ ಮುಗಿಸಿ ಬಂದಿದ್ದೆ, ಪ್ರೂಫ್ ನೋಡೋ ಕೆಲಸ. ಅಲ್ಲೊಬ್ಬರು ಹಿರಿಯ ಉಪಸಂಪಾದಕರಿದ್ರು, ಹೆಚ್ಚು ಮಾತಿಲ್ಲ, ಇತಿಹಾಸದ ಲೇಖನ ಬಂದ್ರೆ ನನ್ನನ್ನ ಪಕ್ಕ ಕೂರಿಸ್ಕೊಂಡು ಪ್ರತಿ ಪ್ಯಾರಾ ಎದುರಿಗೂ ಮಾರ್ಜಿನ್‌ನಲ್ಲಿ ಪೆನ್ಸಿಲಲ್ಲಿ ತಾರೀಖು ಬರೆಸ್ತಿದ್ರು. ಆಮೇಲೆ ಪ್ರಶ್ನೆ. "ಈ ತಾರೀಖಿಗೆ ಈ ಮನುಷ್ಯನಿಗೆ ಏನೇನು ಗೊತ್ತಿತ್ತು, ಹೇಳಪ್ಪಾ." ಮುಂದಿನ ತಿಂಗಳು ಏನಾಗತ್ತೆ ಅನ್ನೋದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ, ಅದನ್ನ ಅವನ ತಲೇಲಿ ಯಾಕೆ ತುಂಬ್ತೀರಿ ಅಂತ ಲೇಖಕರಿಗೆ ಕಾಗದ ಬರೆಯೋರು. ಆ ಕಾಗದಗಳ ಪ್ರತಿ ಮಾಡೋದು ನನ್ನ ಕೆಲಸ. ಎಷ್ಟು ದೊಡ್ಡ ಹೆಸರಿನವರಾದ್ರೂ ಬಿಡ್ತಿರಲಿಲ್ಲ. ಇವತ್ತಿಗೂ ಹಸ್ತಪ್ರತಿ ಕೈಗೆ ಬಂದ್ರೆ ನನ್ನ ಪೆನ್ಸಿಲ್ ಮೊದ್ಲು ಮಾರ್ಜಿನ್‌ಗೇ ಹೋಗತ್ತೆ.

ಎರಡನೇ ಸಾಲು. "ಚಹಾದ ಮೇಲೆ ಹೊಸ ತೆರಿಗೆ ಹಾಕಿದ್ದರಿಂದ ಬೆಲೆ ಗಗನಕ್ಕೇರಿ, ಬಾಸ್ಟನ್ ಜನ ರೊಚ್ಚಿಗೆದ್ದರು." ದಯವಿಟ್ಟು ಇದನ್ನ ಹೊಡೆದು ಹಾಕಿ. 1773ರ ಟೀ ಆಕ್ಟ್ ಹೊಸ ತೆರಿಗೆ ಹಾಕ್ಲಿಲ್ಲ. ಒಂದು ಪೌಂಡ್ ತೂಕದ ಚಹಾಕ್ಕೆ 3 ಪೆನ್ಸ್ ಸುಂಕ 1767ರಿಂದಲೇ ಇತ್ತು. ಆಗಿದ್ದೇನಂದ್ರೆ ಈಸ್ಟ್ ಇಂಡಿಯಾ ಕಂಪನಿ ಮುಳುಗೋ ಸ್ಥಿತಿಗೆ ಬಂದಿತ್ತು, ಲಂಡನ್ ಗೋದಾಮಲ್ಲಿ ಚೀನಾದಿಂದ ತಂದ ಚಹಾ ಕೋಟಿ ಪೌಂಡ್ ತೂಕದ ಲೆಕ್ಕದಲ್ಲಿ ಕೊಳೀತಿತ್ತು, ಅದನ್ನ ನೇರವಾಗಿ ಅಮೆರಿಕಕ್ಕೆ ಕಳಿಸಿ ಮಾರ್ಕೊಳಿ ಅಂತ ಪಾರ್ಲಿಮೆಂಟ್ ದಾರಿ ಮಾಡಿಕೊಡ್ತು. ಹಾಗಾಗಿ ಸುಂಕ ಸೇರಿಸಿದ್ರೂ ಚಹಾ ಅಗ್ಗ, ಡಚ್ಚರಿಂದ ಕಳ್ಳಸಾಗಣೆ ಆಗಿ ಬರ್ತಿದ್ದ ಚಹಾದ ಜೊತೆ ಪೈಪೋಟಿ ಮಾಡೋ ಅಷ್ಟು ಅಗ್ಗ. ಅಗ್ಗದ ಚಹಾ ಬಂದಿದ್ದಕ್ಕೆ ಜನ ಯಾಕೆ ಸಿಟ್ಟಾದ್ರು? ಈ ಪ್ರಶ್ನೆ ನಿಮ್ಮ ಕೈಲೇ ಇತ್ತು, ನೀವು ಮುಟ್ಟಲೇ ಇಲ್ಲ! ಅಗ್ಗ ಅಂತ ಕೊಂಡ್ರೆ ಪಾರ್ಲಿಮೆಂಟಿಗೆ ತೆರಿಗೆ ಹಾಕೋ ಹಕ್ಕಿದೆ ಅಂತ ಒಪ್ಪಿದಂಗೆ ಅನ್ನೋದು ಒಂದು. ಮಾರೋ ಹಕ್ಕು ಕಂಪನಿ ಆರಿಸಿದ ಕೆಲವರಿಗೆ ಮಾತ್ರ, ಬಾಸ್ಟನ್‌ನಲ್ಲಿ ಅವರಲ್ಲಿ ಗವರ್ನರ್ ಹಚಿನ್ಸನ್ ಮಕ್ಕಳೂ ಇದ್ರು, ಉಳಿದ ವ್ಯಾಪಾರಿಗಳ ಗತಿ ಏನು ಅನ್ನೋದು ಇನ್ನೊಂದು. ನಮ್ಮ ಓದುಗರಿಗೆ ತೀರಾ ಹತ್ತಿರದ್ದು ಮೂರನೇದು. ಸ್ಟಾಂಪ್ ಆಕ್ಟ್ ಬಂದ 1765ರಲ್ಲೇ ಕಂಪನಿಗೆ ಬಂಗಾಳದ ದಿವಾನಿ, ಅಂದ್ರೆ ಕಂದಾಯ ವಸೂಲಿ ಮಾಡೋ ಹಕ್ಕು, ಸಿಕ್ಕಿತ್ತು, 1770ರಲ್ಲಿ ಅಲ್ಲಿ ಭೀಕರ ಬರ. ಆ ಸುದ್ದಿ ಅಮೆರಿಕಕ್ಕೂ ಮುಟ್ಟಿತ್ತು, ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿಂದ ಸಾಯೋ ಹಾಗೆ ಮಾಡಿದ ಕಂಪನಿ ಈಗ ನಮ್ಮ ಕಡೆ ಕಣ್ಣು ಹಾಕಿದೆ ಅಂತ 1773ರಲ್ಲಿ ಫಿಲಡೆಲ್ಫಿಯಾದ ವಕೀಲ ಜಾನ್ ಡಿಕಿನ್ಸನ್ ಗುಪ್ತನಾಮದಲ್ಲಿ ಕಾಗದ ಬರೆದು ಎಚ್ಚರಿಸಿದ್ದ. ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಲ್ಲಿ ಜನ 342 ಪೆಟ್ಟಿಗೆ ಚಹಾ ನೀರಿಗೆ ಸುರಿದಿದ್ದನ್ನ ನೀವು ಒಂದು ಪುಟ ಬರ್ದಿದ್ದೀರಿ, ಆ ಚಹಾ ಹಡಗು ಹತ್ತಿದ್ದು ಯಾಕೆ ಅನ್ನೋದಕ್ಕೆ ಒಂದು ಸಾಲು, ಅದೂ ತಪ್ಪು.

ಈಗ ನನ್ನನ್ನ ಜಾಸ್ತಿ ಕಾಡಿದ್ದು. "ಲೆಕ್ಸಿಂಗ್‌ಟನ್‌ನಲ್ಲಿ ಗುಂಡು ಹಾರಿತು, ಸ್ವಾತಂತ್ರ್ಯ ಘೋಷಣೆಯಾಯಿತು." ಆ ಅಲ್ಪವಿರಾಮದ ಎಡಕ್ಕಿರೋದು 1775ರ ಏಪ್ರಿಲ್ 19, ಬ್ರಿಟಿಷ್ ಸೈನಿಕರಿಗೂ ವಸಾಹತಿನವರಿಗೂ ಮೊದಲ ಕಾಳಗ ನಡೆದ ದಿನ; ಬಲಕ್ಕಿರೋದು 1776ರ ಜುಲೈ 4. ಹದಿನಾಲ್ಕೂವರೆ ತಿಂಗಳನ್ನ ಒಂದು ಅಲ್ಪವಿರಾಮದಲ್ಲಿ ನುಂಗಿಬಿಟ್ರಿ. ಹೆಣ ಬಿದ್ದ ಮೇಲೂ 1775ರ ಜುಲೈಯಲ್ಲಿ ಕಾಂಗ್ರೆಸ್ಸಿನವರು, ಅಂದ್ರೆ ವಸಾಹತುಗಳ ಪ್ರತಿನಿಧಿಗಳ ಸಭೆಯವರು, ರಾಜನಿಗೆ ಸಂಧಾನದ ಮನವಿ ಕಳಿಸಿದ್ರು, ರಾಜ ತಗೊಳಲೂ ಇಲ್ಲ, ಆಗಸ್ಟ್ 23ಕ್ಕೆ ಇವರೆಲ್ಲ ದಂಗೆಕೋರರು ಅಂತ ಸಾರಿಬಿಟ್ಟ. ನವೆಂಬರಲ್ಲಿ ವರ್ಜೀನಿಯಾ ಗವರ್ನರ್ ಡನ್‌ಮೋರ್, ದಂಗೆಕೋರರ ಗುಲಾಮರು ನಮ್ಮ ಕಡೆ ಬಂದು ಹೋರಾಡಿದ್ರೆ ಬಿಡುಗಡೆ ಅಂದ, ಅಲ್ಲಿನ ಜಮೀನ್ದಾರರಲ್ಲಿ ಎಷ್ಟೋ ಜನ ರಾಜನ ಕೈಬಿಟ್ಟಿದ್ದಕ್ಕೆ ಅದೂ ಒಂದು ಕಾರಣ, ಇದನ್ನ ಮುಚ್ಚಿಡಬಾರ್ದು. ಜನವರಿಯಲ್ಲಿ ಥಾಮಸ್ ಪೇನ್, ಇಂಗ್ಲೆಂಡಿಂದ ಬಂದು ಸರಿಯಾಗಿ ಒಂದೂವರೆ ವರ್ಷ ಕೂಡ ಆಗಿರ್ಲಿಲ್ಲ, ರಾಜನೇ ಬೇಡ ಅಂತ ಸಾದಾ ಮಾತಲ್ಲಿ ಪುಸ್ತಿಕೆ ಬರೆದ. ಅಲ್ಲಿ ತನಕ ಬೈಗುಳ ಎಲ್ಲ ಪಾರ್ಲಿಮೆಂಟಿಗೆ, ಮಂತ್ರಿಗಳಿಗೆ. ರಾಜ ಒಳ್ಳೇವನು, ಸುತ್ತ ಇರೋರು ಸರಿಯಿಲ್ಲ ಅನ್ನೋದು ಸಾಮಾನ್ಯ ನಂಬಿಕೆ. ಆ ನಂಬಿಕೆ ಮುರಿದಿದ್ದು ಈ ತಿಂಗಳುಗಳಲ್ಲಿ.

ಡಿಕಿನ್ಸನ್ ಅಂದೆನಲ್ಲ, ಅವನನ್ನೇ ಹಿಡ್ಕೊಳಿ. 1765ರ ಆ ಘೋಷಣೆಯ ಕರಡು ಅವನದೇ. 1767–68ರಲ್ಲಿ ರೈತನ ಹೆಸರಲ್ಲಿ ಹನ್ನೆರಡು ಪತ್ರ ಬರೆದು ತೆರಿಗೆ ವಾದವನ್ನ ಮನೆಮನೆಗೆ ತಲುಪಿಸಿದ. 1775ರ ಸಂಧಾನದ ಮನವಿಯೂ ಅವನದೇ. 1776ರ ಜುಲೈ 1ಕ್ಕೆ ಎದ್ದು ನಿಂತು ಈಗ್ಲೇ ಬೇರೆ ಆಗೋದು ಬೇಡ ಅಂದ, ಮಾರನೇ ದಿನ ಸ್ವಾತಂತ್ರ್ಯಕ್ಕೆ ಮತ ಕೇಳಿದಾಗ ಅವನೂ ಪೆನ್ಸಿಲ್ವೇನಿಯಾದ ಇನ್ನೊಬ್ಬ ಪ್ರತಿನಿಧಿ ರಾಬರ್ಟ್ ಮಾರಿಸ್ಸೂ ಮತ ಹಾಕದೆ ದೂರ ಉಳಿದ್ರು, ಹಾಗಾಗಿಯೇ ಪೆನ್ಸಿಲ್ವೇನಿಯಾ 3–2ರಲ್ಲಿ ಹೂಂ ಅಂತು. ಘೋಷಣೆಗೆ ಸಹಿ ಹಾಕ್ಲಿಲ್ಲ, ಆದ್ರೆ ಅದೇ ತಿಂಗಳು ತನ್ನ ಪಡೆ ಕಟ್ಕೊಂಡು ಬ್ರಿಟಿಷರ ವಿರುದ್ಧ ನ್ಯೂಜೆರ್ಸಿಗೆ ಹೊರಟ. ಇಂಥವನು ಇರೋವಾಗ ನಿಮ್ಮ ಲೇಖನದಲ್ಲಿ ಹಿಂದೆಮುಂದೆ ನೋಡೋ ಒಬ್ಬ ಮನುಷ್ಯನೂ ಇಲ್ವಲ್ಲ ಅಂತ ನನಗೆ ಬೇಜಾರಾಯ್ತು.

ಯುದ್ಧದ ನಾಲ್ಕು ಪುಟ ಪೂರ್ತಿ ತೆಗೀರಿ. ಕಾರ್ನ್‌ವಾಲಿಸ್ ಭಾಗ ಬೇರೆ ಲೇಖನ ಆಗತ್ತೆ, ಎತ್ತಿಡಿ. 1765ರಿಂದ 1776ರ ಜುಲೈ 2ರ ಮತದ ತನಕ ಡಿಕಿನ್ಸನ್ ಜೊತೆ ನಡೆದು ಬನ್ನಿ, ಪ್ರತಿ ಪ್ಯಾರಾ ಪಕ್ಕ ತಾರೀಖು ಹಾಕಿ ಕಳಿಸಿ. ಸಾವಿರದ ಐನೂರು ಪದ ಸಾಕು. ಮುಂದಿನ ತಿಂಗಳ ಸಂಚಿಕೇಲಿ ನಿಮಗೆ ಜಾಗ ಇಟ್ಟಿರ್ತೀನಿ.